ವಹಿವಾಟಿನ ಓಣಿ, ಸಾಮಾಯಿಕ ಗೋಡೆ

ಮರಾಠಿ ಖರೀದಿಪತ್ರಗಳಲ್ಲಿ ಮೇಲಿಂದ ಮೇಲೆ ಕಾಣುವ ಪದಗಳಲ್ಲಿ ‘ವಹಿವಾಟ’ ಒಂದು. ಕನ್ನಡ ಮಾಧ್ಯಮದಲ್ಲಿ ಕಲಿತವರು ಇದನ್ನು ಓದಿದೊಡನೆ ಕೊಡುಕೊಳ್ಳುವಿಕೆಯ ವ್ಯವಹಾರವೆಂದು ಭಾವಿಸುವುದು ಸಹಜ; ಏಕೆಂದರೆ ಕನ್ನಡದ ‘ವಹಿವಾಟು’ ಅಂಗಡಿ, ಬ್ಯಾಂಕು, ಲೇವಾದೇವಿಗಳ ಮಾತು. ಮರಾಠಿಯಲ್ಲಾದರೋ ವಹಿವಾಟವೆಂದರೆ ರೂಢಿಯಿಂದ ನಡೆದುಬಂದ ಬಳಕೆ, ಅನುಭೋಗ. ‘ಜಾಣ್ಯಾಯೇಣ್ಯಾಚೀ ವಹಿವಾಟ’ ಎಂದು ಪತ್ರದಲ್ಲಿದ್ದರೆ ಅಲ್ಲಿ ಹಣಕಾಸಿನ ಪ್ರಸ್ತಾಪವೇ ಇಲ್ಲ, ಹೋಗಿಬರುವ ದಾರಿಯ ಪ್ರಸ್ತಾಪವಿದೆ.

ಈ ಅಂಕಣದ ಓದುಗರೊಬ್ಬರು, ಜತ್ತ ತಾಲೂಕಿನವರು, ತಮ್ಮ ಅಜ್ಜನ ಕಾಲದ ಮನೆಪತ್ರವನ್ನು ಈಚೆಗೆ ನನ್ನ ಬಳಿಗೆ ತಂದಿದ್ದರು. ಚತುಃಸೀಮೆಯ ವಿವರದಲ್ಲಿ ದಕ್ಷಿಣಕ್ಕೆ ‘ಸಾಮಾಈಕ ಭಿಂತ’, ಪಶ್ಚಿಮಕ್ಕೆ ‘ಬೋಳ’ ಎಂದು ಬರೆದಿತ್ತು. ಬೋಳವೆಂದರೆ ಬೋಳು ಜಾಗ, ಖಾಲಿ ನೆಲ, ಅದು ತಮ್ಮದೇ ಎಂದು ಅವರ ಮನೆಯವರೆಲ್ಲ ಎರಡು ತಲೆಮಾರಿನಿಂದ ನಂಬಿದ್ದರು; ಅಲ್ಲಿಯವರೆಗೆ ಅಡುಗೆಮನೆಯನ್ನು ಚಾಚಲು ಇಟ್ಟಿಗೆಯನ್ನೂ ಇಳಿಸಿಯಾಗಿತ್ತು. ಮರಾಠಿಯ ಬೋಳವೆಂದರೆ ಎರಡು ಗೋಡೆಗಳ ನಡುವಿನ ಇಕ್ಕಟ್ಟಾದ ಹಾದಿ, ನಾವು ಸಂದಿ ಎನ್ನುವುದು. ಆ ಸಂದಿಯಲ್ಲಿ ಹಿಂದಿನ ಮೂರು ಮನೆಗಳ ಜನ ದಿನವೂ ನಡೆದಾಡುತ್ತಿದ್ದರು. ಇಟ್ಟಿಗೆ ಈಗ ಹಿತ್ತಿಲಿನಲ್ಲಿದೆ, ಮೊಕದ್ದಮೆ ಹುಟ್ಟಲಿಲ್ಲ. ‘ಸಾಮಾಈಕ’ ಪದದ ಬಗೆಗೂ ಅವರ ಮನೆಯ ಹಿರಿಯರಿಗೊಂದು ಸೋಜಿಗವಿತ್ತು: ಜೈನರಾದ ಅವರಿಗೆ ಸಾಮಾಯಿಕವೆಂದರೆ ಧ್ಯಾನ. ಗೋಡೆಗೂ ಧ್ಯಾನಕ್ಕೂ ಏನು ಸಂಬಂಧವೆಂದು ಅವರು ಕೇಳಿದ್ದು ನ್ಯಾಯವೇ ಆಗಿತ್ತು. ಇಲ್ಲಿ ಅದರ ಅರ್ಥ ‘ಇಬ್ಬರಿಗೂ ಸೇರಿದ’ ಎಂದಷ್ಟೆ.

ಇಂತಹ ಜೋಡಿಪದಗಳು ನಮ್ಮ ಗಡಿನಾಡಿನಲ್ಲಿ ಎಷ್ಟೋ ಇವೆ. ಅಲ್ಲಿಯ ‘ಹದ್ದ’ ಇಲ್ಲಿಯ ಹದ್ದು. ಕರ್ನಾಟಕದ ಕಂದಾಯ ಕಚೇರಿಗಳು ಇಂದಿಗೂ ‘ಹದ್ದುಬಸ್ತು’ ಎನ್ನುವಾಗ ಅವರು ಹಕ್ಕಿಯ ಮಾತನ್ನು ಆಡುತ್ತಿಲ್ಲ. ಅಲ್ಲಿಯ ಚತುಃಸೀಮೆ ಕನ್ನಡ ಪತ್ರಗಳಲ್ಲಿ ಚಕ್ಕುಬಂದಿ. ಅಲ್ಲಿಯ ಬಾಂಧ ಇಲ್ಲಿಯ ಬದು. ಅಲ್ಲಿಯ ವೇಸ ಇಲ್ಲಿಯ ಅಗಸಿ.

ಈ ಕೊನೆಯ ಪದವನ್ನು ಹಿಡಿದುಕೊಂಡೇ ಮಿರಜದ ಹಳೆಯ ಊರನ್ನು ಸುತ್ತಬಹುದು. ನದಿವೇಸ, ಮಾಲಗಾಂವ ವೇಸ, ಮ್ಹೈಸಾಳ ವೇಸ ಎಂಬ ಹೆಸರುಗಳನ್ನು ರಿಕ್ಷಾದವರು ದಿನಕ್ಕೆ ನೂರು ಬಾರಿ ಉಚ್ಚರಿಸುತ್ತಾರೆ. ಆದರೆ ವೇಸ ಎಂದರೆ ಊರಗೋಡೆಯ ಬಾಗಿಲು ಎಂಬುದನ್ನು ನೆನೆಯುವವರು ಕಡಿಮೆ. ನದಿಯ ಕಡೆಯ ಅಗಸಿ, ಮಾಲಗಾಂವದ ದಾರಿಯ ಅಗಸಿ, ಮ್ಹೈಸಾಳದ ದಾರಿಯ ಅಗಸಿ. ಗೋಡೆ ಹೋಯಿತು, ಬಾಗಿಲಿನ ಹೆಸರು ಉಳಿಯಿತು. ಕೋಟೆಯ ಭಾಗವನ್ನೂ ‘ಕಿಲ್ಲಾ ಭಾಗ’ ಎಂದೇ ಕರೆಯುತ್ತೇವೆ. 1659ರ ಕೊನೆಯಲ್ಲಿ ಅಫಜಲಖಾನನ ವಧೆಯ ಬಳಿಕ ಪನ್ಹಾಳವನ್ನು ಗೆದ್ದ ಶಿವಾಜಿ ಮಹಾರಾಜರು ಇದೇ ಕೋಟೆಗೆ ಮುತ್ತಿಗೆ ಹಾಕಿ, 1660ರಲ್ಲಿ ಸಿದ್ದಿ ಜೌಹರನು ಬರುತ್ತಿರುವ ಸುದ್ದಿಯಿಂದ ಅದನ್ನು ತೆಗೆದು ಪನ್ಹಾಳಕ್ಕೆ ಮರಳಿದರು. 1739ರಲ್ಲಿ ಕೋಟೆ ಶಾಹೂ ಮಹಾರಾಜರ ವಶಕ್ಕೆ ಬಂತು. ಆ ಗೋಡೆಯ ಕಲ್ಲುಗಳು ಮುಂದೆ ಎಲ್ಲಿಗೆ ಹೋದವೆಂದು ಕೇಳಿದರೆ ಉತ್ತರಕ್ಕೆ ದೂರ ಹೋಗಬೇಕಿಲ್ಲ. ಹಳೆಯ ಕೋಟೆಯ ಊರುಗಳಲ್ಲೆಲ್ಲ ಕೋಟೆಗೋಡೆಯೇ ಸಮೀಪದ ಕಲ್ಲುಗಣಿ.

ಊರಂತೂ ಕೋಟೆಗಿಂತ ಹಳೆಯದು. ಮಿರಿಂಜೆ ಎಂಬುದು ಅದರ ಪ್ರಾಚೀನ ನಾಮ. ಚಾಲುಕ್ಯ ಇಮ್ಮಡಿ ಜಯಸಿಂಹನ 1024ರ ತಾಮ್ರಪಟವೂ ಶಿಲಾಹಾರ ಮಾರಸಿಂಹನ 1058ರ ತಾಮ್ರಪಟವೂ ‘ಮಿರಜದ ತಾಮ್ರಪಟಗಳು’ ಎಂದೇ ಇತಿಹಾಸಕಾರರಲ್ಲಿ ಹೆಸರಾಗಿವೆ. ಆ ಕಾಲದ ಕನ್ನಡ ದಾನಶಾಸನಗಳನ್ನು ಓದಿದವರಿಗೆ ಗೊತ್ತು: ರಾಜನ ಬಿರುದಾವಳಿ, ದಾನಿಯ ಹೊಗಳಿಕೆ ಎಲ್ಲ ಮುಗಿದ ಮೇಲೆ ಲಿಪಿಕಾರ ಒಮ್ಮೆಲೇ ಶಾನುಭೋಗನಾಗಿಬಿಡುತ್ತಾನೆ. ಮೂಡಲಿಗೆ ಇಂತಹ ಹಳ್ಳ, ತೆಂಕಲಿಗೆ ಇಂತಹ ಮರ, ಪಡುವಲಿಗೆ ನೆಟ್ಟ ಕಲ್ಲು. ಶಿವಾಲಯದ ಭೂಮಿಯಾದರೆ ಲಿಂಗಮುದ್ರೆಯ ಕಲ್ಲು, ಬ್ರಾಹ್ಮಣರಿಗೆ ಕೊಟ್ಟದ್ದಾದರೆ ವಾಮನಮುದ್ರೆಯ ಕಲ್ಲು, ಬಸದಿಯದಾದರೆ ಮುಕ್ಕೊಡೆಯ ಕಲ್ಲು. ಓದುಬಾರದ ದನಗಾಹಿಗೂ ಯಾರ ಹೊಲ ಎಲ್ಲಿಗೆ ಮುಗಿಯಿತೆಂದು ತಿಳಿಯಲಿ ಎಂಬ ಉದ್ದೇಶ. ಇಂದಿನ ಸಾತಬಾರಾ ಉತಾರೆಯಲ್ಲಿ ಈ ಗುಣವಿಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಸಾಂಗಲಿಯ ಏಳಿಗೆಗೆ ಕಾರಣವೇ ಒಂದು ವಾಟಣಿ. ಪಟವರ್ಧನ ಮನೆತನದ ಚಿಂತಾಮಣರಾವ ಅಪ್ಪಾಸಾಹೇಬರು ಚಿಕ್ಕಪ್ಪ ಗಂಗಾಧರರಾಯರೊಡನೆ ಮನಸ್ತಾಪವಾಗಿ 1801ರಲ್ಲಿ ಮಿರಜದಿಂದ ಬೇರೆಯಾದರು, ಕೃಷ್ಣೆಯ ದಡದ ಸಣ್ಣ ಊರನ್ನು ರಾಜಧಾನಿ ಮಾಡಿಕೊಂಡು ಗಣೇಶದುರ್ಗವನ್ನು ಕಟ್ಟಿಸಿದರು. ಉಳಿದ ಮಿರಜವೂ 1820ರಲ್ಲಿ ಮತ್ತೆ ಹೋಳಾಯಿತು. ಅದರಿಂದಲೇ ಥೋರಲೀ ಪಾತಿ, ಧಾಕಟೀ ಪಾತಿ ಎಂಬ ಹಿರಿಯ ಕಿರಿಯ ಸಂಸ್ಥಾನಗಳು. (ಕನ್ನಡದಲ್ಲಿ ಪಾತಿಯೆಂದರೆ ಗಿಡದ ಬುಡದ ಮಡಿ. ರಾಜ್ಯವನ್ನು ಬದನೆಯ ಮಡಿಯಂತೆ ಹಂಚಿಕೊಂಡರೆಂದು ನಮ್ಮ ಮಕ್ಕಳು ನಕ್ಕರೆ ಗದರಬೇಡಿ.) ಚಿಕ್ಕಪ್ಪನಿಗೂ ಅಣ್ಣನ ಮಗನಿಗೂ ಒಂದೇ ಸೂರಿನಡಿ ಬಾಳಲಾಗದೆ ನಡುವೆ ಒಂದು ಗೋಡೆ ಎದ್ದದ್ದರ ಫಲವಾಗಿ ಆರು ಮೈಲಿನ ಅಂತರದಲ್ಲಿ ಎರಡು ನಗರಗಳಾದವು. 1998ರಲ್ಲಿ ಕುಪವಾಡವನ್ನೂ ಸೇರಿಸಿಕೊಂಡು ಅವೆರಡಕ್ಕೂ ಮತ್ತೆ ಒಂದೇ ಮಹಾನಗರಪಾಲಿಕೆಯಾಯಿತು.

ಸಾಮಾನ್ಯರ ಮನೆಗಳಲ್ಲಿಯೂ ನಡೆಯುವುದು ಇದೇ, ಪ್ರಮಾಣ ಮಾತ್ರ ಸಣ್ಣದು. ಅಣ್ಣತಮ್ಮಂದಿರು ವಾಡೆಯನ್ನು ಎರಡಾಗಿಸಿಕೊಂಡ ದಿನ, ನಿನ್ನೆಯವರೆಗೆ ಬರಿಯ ಒಳಗೋಡೆಯಾಗಿದ್ದುದು ನಡುಗೋಡೆಯಾಗುತ್ತದೆ. ದೇವರ ಕೋಣೆಯಿಂದ ಬಾವಿಗೆ ಹೋಗುವ ಪಡಸಾಲೆ ಒಬ್ಬನ ನೆಲ, ಇನ್ನೊಬ್ಬನ ದಾರಿಯಾಗುತ್ತದೆ. ವಾಟಣಿಪತ್ರವನ್ನು ಬರೆಸುವಾಗ ಬಂಗಾರ, ಹೊಲ, ಸಾಲ ಎಲ್ಲವನ್ನೂ ಬರೆಸುವ ಜನ ಈ ಎರಡನ್ನು ಮಾತ್ರ ‘ನಾವು ನಾವೇ ಅಲ್ಲವೇ’ ಎಂದು ಬಿಟ್ಟುಬಿಡುತ್ತಾರೆ. ಅಣ್ಣತಮ್ಮಂದಿರ ಕಾಲಕ್ಕೆ ತೊಂದರೆಯಿಲ್ಲ. ತೊಂದರೆ ಬರುವುದು ಅವರ ಮೊಮ್ಮಕ್ಕಳ ಕಾಲಕ್ಕೆ, ಅದೂ ಸಾಮಾನ್ಯವಾಗಿ ಗೋಡೆ ಬಿದ್ದ ಮೇಲೆ.

ಗೋಡೆ ಬೀಳುವುದು ನಮ್ಮಲ್ಲಿ ಅಪರೂಪವಲ್ಲ. 2005ರಲ್ಲಿ ಕೃಷ್ಣೆ ಊರೊಳಗೆ ಬಂದಳು. 2019ರ ಆಗಸ್ಟಿನಲ್ಲಿ ಸಾಂಗಲಿಯ ಐರ್ವಿನ್ ಸೇತುವೆಯ ಬಳಿ ನೀರು 57 ಅಡಿಯನ್ನು ಮೀರಿತು. ಅಲ್ಲಿ ಅಪಾಯದ ಮಟ್ಟ 45 ಅಡಿ. ನೀರು ಇಳಿದ ಮೇಲೆ ಹಳೆಯ ಪೇಟೆಗಳ ಸಂದಿಗಳಲ್ಲಿ ಕಲ್ಲು ಮಣ್ಣಿನ ರಾಶಿಗಳು ಬಿದ್ದಿದ್ದವು. ನಮ್ಮ ಸೀಮೆಯ ಕಲ್ಲು ದಖನ್ನಿನ ಕರಿಕಲ್ಲು, ಬಸಾಲ್ಟ್. ಅದು ನೀರಿಗೆ ಜಗ್ಗುವಂತಹುದಲ್ಲ. ಜಗ್ಗುವುದು ಒಳಗಿನ ಮಣ್ಣು. ಹಳೆಯ ಗೋಡೆಯೆಂದರೆ ವಾಸ್ತವವಾಗಿ ಎರಡು ಗೋಡೆ: ಹೊರಮುಖಕ್ಕೊಂದು ಸಾಲು ಕಲ್ಲು, ಒಳಮುಖಕ್ಕೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಕಲಸಿದ ಮಣ್ಣು. ಈ ಎರಡು ಮುಖಗಳನ್ನು ಹಿಡಿದಿಡಲು ಅಲ್ಲಲ್ಲಿ ಗೋಡೆಯ ದಪ್ಪದಷ್ಟೇ ಉದ್ದವಾದ ಕಲ್ಲನ್ನು ಅಡ್ಡಹಾಯಿಸಿ ಇಡುತ್ತಾರೆ. ಮೇಲಿನಿಂದ ಮಳೆ ಇಳಿದರೆ ನಡುವಿನ ಮಣ್ಣು ಕುಸಿದು ಗೋಡೆ ಹೊಟ್ಟೆ ಬಿಡುತ್ತದೆ. ಹೊಟ್ಟೆ ಬಿಟ್ಟ ಗೋಡೆಗೆ ಸಿಮೆಂಟ್ ಬಳಿಯುವುದು ಈಗಿನ ರೂಢಿ. ಅದರಿಂದ ಒಳಗಿನ ತೇವ ಹೊರಬರಲಾರದೆ ಮಣ್ಣು ಇನ್ನಷ್ಟು ಸಡಿಲವಾಗುತ್ತದೆ. ಗೋಡೆ ಹೊರನೋಟಕ್ಕೆ ಗಟ್ಟಿಯಾಗಿ ಕಂಡು ಒಂದು ರಾತ್ರಿ ಮಲಗುತ್ತದೆ.

ಬಿದ್ದ ಗೋಡೆಯ ಎದುರು ನಿಂತು ‘ಇದು ಯಾರದು’ ಎಂದು ಕೇಳುವುದಕ್ಕಿಂತ ನಿಂತಿರುವ ಗೋಡೆಯನ್ನು ಓದುವುದು ಸುಲಭ. ಓದುವ ಬಗೆಯನ್ನು ನಮ್ಮ ಹಳೆಯ ಗವಂಡಿಗಳೆಲ್ಲ ಬಲ್ಲರು. ಗೋಡೆಯ ತಲೆಯ ಇಳಿಜಾರು ಯಾವ ಕಡೆಗೆ? ತನ್ನ ಗೋಡೆಯ ನೀರನ್ನು ತನ್ನ ನೆಲಕ್ಕೇ ಕೆಡವುವುದು ಮರ್ಯಾದೆ. ದೀಪದ ಮಾಡ ಯಾವ ಮುಖದಲ್ಲಿದೆ? ಒಂದೇ ಕಡೆ ಮಾಡಗಳಿದ್ದರೆ ಒಂದು ಅರ್ಥ, ಎರಡೂ ಕಡೆ ಇದ್ದರೆ ಇನ್ನೊಂದು. ತೊಲೆಯ ತುದಿ ಗೋಡೆಯಲ್ಲಿ ಎಷ್ಟು ಆಳಕ್ಕೆ ಕೂತಿದೆ, ಅರ್ಧಕ್ಕೋ ಪೂರ್ತಿಯೋ? ಗೋಡೆಯ ಮೂಲೆ ಯಾರ ಮನೆಯ ಕಲ್ಲುಗಳೊಡನೆ ಹೆಣೆದುಕೊಂಡಿದೆ, ಯಾರ ಮನೆಗೆ ಬರಿದೇ ಆತುಕೊಂಡಿದೆ? ಸೂರಿನ ನೀರು ಬೀಳುವ ಗೆರೆಯಿಂದ ಆಚೆ ಒಂದು ಗೇಣು ನೆಲ ಯಾರ ಅನುಭೋಗದಲ್ಲಿದೆ? ಇವು ಯಾವುವೂ ತಾವಾಗಿ ಮಾಲಕಿಯನ್ನು ಸಿದ್ಧಪಡಿಸುವುದಿಲ್ಲ. ಆದರೆ ಕಾಗದ ಮೌನವಾಗಿರುವಾಗ ನ್ಯಾಯಾಲಯದ ಕಮಿಷನರ್ ಸ್ಥಳ ಪರಿಶೀಲನೆಗೆ ಬಂದಾಗ ಬರೆದುಕೊಳ್ಳುವುದು ಇವನ್ನೇ. ಆದ್ದರಿಂದ ಹಳೆಯ ನಡುಗೋಡೆಯನ್ನು ತೆಗೆಯುವ ಮೊದಲು ಎರಡೂ ಮುಖಗಳ ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳಿ, ಅಳತೆಯ ಟೇಪನ್ನು ಹಿಡಿದು ತೆಗೆದರೆ ಮತ್ತೂ ಲೇಸು.

‘ಸಾಮಾಯಿಕ’ವೆಂದು ಬರೆದಿದ್ದರೂ ವಿಚಾರ ಮುಗಿಯುವುದಿಲ್ಲ. 1880ರ ವಾಟ್ಸನ್ ವಿರುದ್ಧ ಗ್ರೇ ಎಂಬ ಇಂಗ್ಲೆಂಡಿನ ತೀರ್ಪಿನಲ್ಲಿ ನಡುಗೋಡೆಗೆ ನಾಲ್ಕು ಅರ್ಥಗಳಿರಬಹುದೆಂದು ವಿಂಗಡಿಸಲಾಗಿದೆ. ಇಡೀ ಗೋಡೆಗೆ ಇಬ್ಬರೂ ಕೂಡು ಮಾಲಕರಾಗಿರಬಹುದು. ಗೋಡೆಯ ದಪ್ಪವನ್ನು ಉದ್ದಕ್ಕೆ ಸೀಳಿದಂತೆ ಅರ್ಧರ್ಧ ಒಬ್ಬೊಬ್ಬರದಾಗಿರಬಹುದು. ಗೋಡೆ ಒಬ್ಬನದೇ ಆಗಿದ್ದು, ಅದನ್ನು ತಡೆಗೋಡೆಯಾಗಿ ಉಳಿಸಿಕೊಳ್ಳುವ ಹಕ್ಕು ಮಾತ್ರ ನೆರೆಯವನಿಗಿರಬಹುದು. ಅಥವಾ ಅರ್ಧರ್ಧ ಒಬ್ಬೊಬ್ಬರದಾಗಿಯೂ ಒಂದರ್ಧವು ಇನ್ನೊಂದಕ್ಕೆ ಆಧಾರ ಕೊಡುವ ಋಣದಲ್ಲಿರಬಹುದು. ಕಲ್ಲು ಮಣ್ಣಿನ ನಮ್ಮ ಎರಡು ಮುಖದ ಗೋಡೆಯನ್ನು ಕಂಡವರಿಗೆ ಈ ನಾಲ್ಕನೆಯ ಬಗೆ ಬೇಗ ಅರ್ಥವಾಗುತ್ತದೆ. ತನ್ನ ಅರ್ಧವೆಂದು ಒಬ್ಬನು ಒಂದು ಮುಖವನ್ನು ಕಿತ್ತರೆ ಇನ್ನೊಂದು ಮುಖ ಎಷ್ಟು ದಿನ ನಿಂತೀತು?

ಗೋಡೆಯ ಖರ್ಚಿನ ವಿಷಯದಲ್ಲಿ ಸ್ಕಾಟ್ಲೆಂಡಿನವರು ಬಹಳ ಹಿಂದೆಯೇ ಒಂದು ನೇರ ದಾರಿ ಹಿಡಿದಿದ್ದರು. ಅವರ ಸಂಸತ್ತು 1661ರಲ್ಲಿ ಮಾಡಿದ ‘ಮಾರ್ಚ್ ಡೈಕ್ಸ್’ ಕಾಯ್ದೆಯ ಪ್ರಕಾರ ಇಬ್ಬರ ಭೂಮಿಯ ನಡುವೆ ಎಲ್ಲೆಗೋಡೆ ಬೇಕೆಂದವನು ನೆರೆಯವನಿಂದ ಅರ್ಧ ವೆಚ್ಚವನ್ನು ಕೇಳಬಹುದು. ಅಲ್ಲಿಯೂ ಗೋಡೆ ಎರಡು ಮುಖದ್ದೇ, ನಡುವೆ ಚೂರುಕಲ್ಲೇ, ಅಡ್ಡಹಾಯುವ ಉದ್ದಕಲ್ಲೂ ಇದೆ. ಹೊಲದ ಗೋಡೆಗಳಿಗೆ ಮಣ್ಣನ್ನು ಮಾತ್ರ ಹಾಕುವುದಿಲ್ಲ. ಎಡಿನ್‌ಬರೋ ನಗರದಲ್ಲಿ 1513ರ ಫ್ಲಾಡೆನ್ ಯುದ್ಧದ ಸೋಲಿನ ಬಳಿಕ ಎದ್ದ ಊರಗೋಡೆಯ ತುಂಡುಗಳು ಇಂದಿಗೂ ನಿಂತಿವೆ. ಆ ಊರಿನ ಹಳೆಯ ಸಂದಿಗಳಿಗೆ ಎರಡು ಬೇರೆ ಹೆಸರುಗಳಿವೆ: ಒಂದು ಬೀದಿಯಿಂದ ಹೊಕ್ಕು ಇನ್ನೊಂದೆಡೆ ಹೊರಬೀಳುವ ಸಾರ್ವಜನಿಕ ಹಾದಿಗೆ ‘ವೈಂಡ್’, ಕೆಲವು ಮನೆಗಳಿಗಷ್ಟೇ ಸೇರಿದ, ರಾತ್ರಿ ಬಾಗಿಲು ಹಾಕಬಹುದಾಗಿದ್ದ ಹಾದಿಗೆ ‘ಕ್ಲೋಸ್’. ಹೆಸರಿನಲ್ಲಿಯೇ ಹಕ್ಕು ಅಡಗಿದೆ. ನಮ್ಮ ಪತ್ರಗಳಲ್ಲಿ ಬೋಳವೆಂಬ ಒಂದೇ ಪದ ಎರಡಕ್ಕೂ ನಡೆಯುತ್ತದೆ, ವ್ಯಾಜ್ಯದ ಬೀಜ ಅಲ್ಲಿಯೇ ಬೀಳುತ್ತದೆ. ಆ ಸಂದಿ ಊರಿನದೋ, ನಾಲ್ಕು ಮನೆಗಳದೋ, ಒಬ್ಬನ ನೆಲದ ಮೇಲೆ ಉಳಿದವರಿಗೆ ಇರುವ ದಾರಿಯ ಹಕ್ಕೋ ಎಂಬುದು ಪ್ರತ್ಯೇಕವಾಗಿ ತೀರ್ಮಾನವಾಗಬೇಕು.

ಮೂರನೆಯದಾಗಿದ್ದರೆ 1882ರ ಈಸ್‌ಮೆಂಟ್ ಕಾಯ್ದೆ ಅನ್ವಯಿಸುತ್ತದೆ. ಮರಾಠಿಯಲ್ಲಿ ಇದನ್ನು ಸುವಿಧಾಧಿಕಾರ ಎನ್ನುತ್ತಾರೆ. ಬ್ರಿಟಿಷ್ ಹಿಂದೂಸ್ತಾನದ ಕಾಯ್ದೆಗಳು ಸಂಸ್ಥಾನಗಳಲ್ಲಿ ತಾವಾಗಿ ಜಾರಿಗೆ ಬರುತ್ತಿರಲಿಲ್ಲವಾದ್ದರಿಂದ ಸಾಂಗಲಿ, ಮಿರಜ, ಜತ್ತಗಳ ಹಳೆಯ ಕಾಗದಗಳಲ್ಲಿ ಈ ಕಾಯ್ದೆಯ ಭಾಷೆಯನ್ನು ಹುಡುಕಬಾರದು; ಈ ಸಂಸ್ಥಾನಗಳು ವಿಲೀನವಾದದ್ದು 1948ರಲ್ಲಿ. ಆದರೆ ಇಂದಿನ ಹಕ್ಕನ್ನು ಅಳೆಯುವುದು ಈ ಕಾಯ್ದೆಯಿಂದಲೇ. ಅದರ 13ನೆಯ ಕಲಮು ವಾಟಣಿಯ ಸಂದರ್ಭದಲ್ಲಿ, ದಾರಿಯಿಲ್ಲದೆ ಒಬ್ಬನ ಪಾಲು ಬಳಕೆಗೇ ಬಾರದಂತಾದರೆ, ಇನ್ನೊಬ್ಬನ ಪಾಲಿನ ಮೂಲಕ ದಾರಿಯನ್ನು ಕೊಡಿಸುತ್ತದೆ. 15ನೆಯ ಕಲಮಿನಂತೆ 20 ವರ್ಷ ಶಾಂತವಾಗಿ, ಬಹಿರಂಗವಾಗಿ, ಹಕ್ಕಿನಿಂದ, ಎಡೆಬಿಡದೆ ನಡೆದಾಡಿದ ದಾರಿ ಹಕ್ಕಾಗಿ ನಿಲ್ಲುತ್ತದೆ. ಸರಕಾರದ ನೆಲವಾದರೆ 30 ವರ್ಷ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ‘ಅಣ್ಣಾ, ನಿಮ್ಮ ಹಿತ್ತಿಲಿನಿಂದ ಹಾಯ್ದು ಹೋಗಲೇ’ ಎಂದು ಕೇಳಿ, ‘ಹೋಗವ್ವ, ಅದಕ್ಕೇನು’ ಎಂಬ ಮಾತಿನ ಮೇಲೆ ನಡೆದ ದಾರಿ ನೂರು ವರ್ಷವಾದರೂ ಹಕ್ಕಾಗುವುದಿಲ್ಲ. ಅದು ಅವರ ಸೌಜನ್ಯ. ಎರಡನೆಯದು ಇನ್ನೂ ಮುಖ್ಯ. 20 ವರ್ಷಗಳ ಅನುಭೋಗವು ದಾವೆ ಹೂಡುವ ಹಿಂದಿನ ಎರಡು ವರ್ಷಗಳೊಳಗೆ ಕೊನೆಗೊಂಡಿರಬೇಕು. ದಾರಿಗೆ ಯಾರೋ ಅಡ್ಡಗೋಡೆ ಹಾಕಿದ್ದಾರೆ, ನಿಮಗೆ ಅದು ಗೊತ್ತಿದೆ, ಗೊತ್ತಿದ್ದೂ ಒಂದು ವರ್ಷ ಸುಮ್ಮನಿದ್ದಿರಿ ಎಂದರೆ ಅನುಭೋಗ ಕಡಿದುಹೋದಂತೆ ಲೆಕ್ಕ. ಜಾತ್ರೆ ಮುಗಿಯಲಿ, ಮದುವೆ ಮುಗಿಯಲಿ, ಹಿರಿಯರು ಕೂತು ಮಾತಾಡೋಣ ಎನ್ನುತ್ತ ಮೂರು ವರ್ಷ ಕಳೆದು ವಕೀಲರ ಬಳಿಗೆ ಬರುವವರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಹಿರಿಯರು ಮಾತಾಡಲಿ, ಅಷ್ಟರಲ್ಲಿ ಒಂದು ಲಿಖಿತ ತಕರಾರೂ ಹೋಗಲಿ.

ಹೊಲದ ದಾರಿಯಾದರೆ ನ್ಯಾಯಾಲಯಕ್ಕಿಂತ ತಹಸೀಲದಾರರು ಹತ್ತಿರ. ಬದುವಿನ ಮೇಲಿನಿಂದ ಹೊಲಕ್ಕೆ ದಾರಿ ಬೇಕಾದರೆ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 143ನೆಯ ಕಲಮು. ಇದ್ದ ದಾರಿಯನ್ನು ಅಡ್ಡಗಟ್ಟಿದ್ದರೆ 1906ರ ಮಾಮಲೇದಾರರ ನ್ಯಾಯಾಲಯ ಕಾಯ್ದೆಯ 5ನೆಯ ಕಲಮು, ಅದಕ್ಕೆ ಆರು ತಿಂಗಳ ಗಡುವು. ಸರಕಾರಿ ಅಧಿಕಾರಿ ನೆಟ್ಟ ಎಲ್ಲೆಕಲ್ಲನ್ನು ಕೀಳುವುದು 1860ರ ದಂಡಸಂಹಿತೆಯ ಕಾಲದಿಂದಲೂ ಒಂದು ವರ್ಷದವರೆಗೆ ಸೆರೆಯ ಅಪರಾಧ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ಎಲ್ಲೆಯ ವ್ಯಾಜ್ಯ ನಮ್ಮ ನಾಡಿನಲ್ಲಿ ಶಾಸ್ತ್ರವಾಗಿಯೇ ಬೆಳೆದ ವಿಷಯ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ಹಿಂದೂ ವಾರಸಾ ಕಾನೂನಿನ ಗ್ರಂಥವೆಂದಷ್ಟೇ ಬಹಳ ಜನ ಬಲ್ಲರು. ಅದರಲ್ಲಿ ಸೀಮಾವಿವಾದಕ್ಕೆ ಒಂದು ಪ್ರಕರಣವೇ ಇದೆ. ಯಾರನ್ನು ಕೇಳಿ ಎಲ್ಲೆಯನ್ನು ಗೊತ್ತುಮಾಡಬೇಕು? ಸುತ್ತಲಿನ ನೆರೆಯವರನ್ನು, ಮುದುಕರನ್ನು, ದನಗಾಹಿಗಳನ್ನು, ಎಲ್ಲೆಯ ಪಕ್ಕದಲ್ಲಿ ಉಳುವವರನ್ನು, ಕಾಡಿನಲ್ಲಿ ತಿರುಗುವವರನ್ನು. ಗೊತ್ತುಮಾಡುವವರು ಕೆಂಪು ಹೂಮಾಲೆ, ಕೆಂಪು ವಸ್ತ್ರ ಧರಿಸಿ ತಲೆಯ ಮೇಲೆ ಮಣ್ಣು ಹೊತ್ತು ಎಲ್ಲೆಯುದ್ದಕ್ಕೂ ನಡೆಯಬೇಕು. ಸುಳ್ಳು ಹೆಜ್ಜೆ ಇಡುವವನ ತಲೆಯ ಮೇಲೆಯೇ ಆ ಮಣ್ಣು ಕೂತಿರುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯವಂತೂ ಮನುಷ್ಯರ ಮರೆವನ್ನೂ ಮೋಸವನ್ನೂ ನೆನೆದು, ಮೇಲೆ ಕಾಣುವ ಗುರುತುಗಳ ಜೊತೆಗೆ ನೆಲದೊಳಗೆ ಕೊಳೆಯದ ವಸ್ತುಗಳನ್ನು ಹೂಳಿಡಿ ಎನ್ನುತ್ತದೆ: ಕಲ್ಲು, ಮೂಳೆ, ಹೊಟ್ಟು, ಬೂದಿ, ಮಡಕೆಯ ಚೂರು, ಇಟ್ಟಿಗೆ, ಇದ್ದಿಲು, ಮರಳು. ಮೇಲಿನ ಕಲ್ಲನ್ನು ಸರಿಸಿದವನಿಗೆ ಕೆಳಗಿನ ಇದ್ದಿಲು ಗೊತ್ತಿರುವುದಿಲ್ಲ.

ಇದನ್ನೆಲ್ಲ ಹೇಳುವಾಗ ಊರಗೋಡೆಗಳನ್ನು ಬರಿಯ ಕೌತುಕದಿಂದ ನೋಡುವುದು ಸರಿಯಲ್ಲ. ಮರಾಠಿಯಲ್ಲಿ ಊರಗೋಡೆಗೆ ‘ಗಾವಕೂಸ’ ಎನ್ನುತ್ತಾರೆ. ‘ಗಾವಕುಸಾಬಾಹೇರ’ ಎಂಬ ಮಾತಿಗೆ ದಲಿತ ಕೇರಿಯೆಂಬ ಅರ್ಥ ಬಂದದ್ದು ಆ ಗೋಡೆ ಯಾರನ್ನು ಹೊರಗಿಟ್ಟಿತ್ತೆಂಬುದಕ್ಕೆ ಸಾಕ್ಷಿ. ನಮ್ಮ ಹಳ್ಳಿಗಳಲ್ಲಿ ಅಗಸಿಯ ಕಲ್ಲುಕಮಾನು ಬಿದ್ದು ಎಷ್ಟೋ ವರ್ಷಗಳಾಗಿವೆ. ಅದರ ಆಚೆಯವರ ಓಣಿಗೆ ಕಲ್ಲುಹಾಸು ಬಂದದ್ದು ತೀರ ಈಚೆಗೆ. ದಾರಿಯ ಹಕ್ಕಿನ ಮಾತಾಡುವಾಗ ಈ ಓಣಿಗಳ ದಾಖಲೆ ಎಲ್ಲಕ್ಕಿಂತ ತೆಳುವಾಗಿರುತ್ತದೆ ಎಂಬುದು ನನ್ನ ಅನುಭವ.

ತೆಳುವಾಗಿರಲು ಕಾರಣವಿದೆ. ಮುಂಬಯಿ ಇಲಾಖೆಯ ಭೂಮಾಪನವನ್ನು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಇಂದಾಪುರದಿಂದ ಮೊದಲುಮಾಡಿದರು. 33 ಅಡಿಯ ಸರಪಳಿ, ಸರಪಳಿಗೆ ಸರಪಳಿ ಗುಣಿಸಿದರೆ 1089 ಚದರ ಅಡಿಯ ಗುಂಟೆ, 40 ಗುಂಟೆಗೆ ಎಕರೆ. ನಾವು ಇಂದಿಗೂ ಹೊಲವನ್ನು ಅಳೆಯುವುದು ಆ ಸರಪಳಿಯ ಲೆಕ್ಕದಲ್ಲೇ. ಆದರೆ ಅವರ ಕಣ್ಣು ಕಂದಾಯ ಕೊಡುವ ಹೊಲದ ಮೇಲಿತ್ತು. ಮನೆಗಳಿರುವ ಗಾವಠಾಣವನ್ನು ಸುತ್ತಲೂ ಒಂದು ಗೆರೆ ಎಳೆದು ಒಳಗೆ ಅಳೆಯದೆ ಬಿಟ್ಟರು. ನಗರಗಳಿಗೆ ಮುಂದೆ ಸಿಟಿ ಸರ್ವೆ ಬಂತು, ಮಾಲಮತ್ತಾ ಪತ್ರಕ ಬಂತು. ಹಳ್ಳಿಯ ಗಾವಠಾಣದೊಳಗೆ ಮಾತ್ರ ಎಲ್ಲೆಯೆಂದರೆ ಗೋಡೆ, ದಾಖಲೆಯೆಂದರೆ ನೆನಪು ಎಂಬ ಸ್ಥಿತಿಯೇ ಬಹುಮಟ್ಟಿಗೆ ಉಳಿಯಿತು.

ಈಗ ಅದು ಬದಲಾಗುತ್ತಿದೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಂತೆ ಗಾವಠಾಣದ ಮೇಲೆ ಡ್ರೋನ್ ಹಾರಿಸಿ ನಕ್ಷೆ ತೆಗೆಯುತ್ತಾರೆ, ಮನೆಮನೆಗೆ ಸನದು ಕೊಡುತ್ತಾರೆ. ಡ್ರೋನ್ ಹಾರುವ ಮುಂಚೆ ಪ್ರತಿಯೊಬ್ಬರ ಜಾಗದ ಸುತ್ತ ಸುಣ್ಣದ ಗೆರೆ ಹಾಕುವುದು ಪದ್ಧತಿ. ಮೇಲಿನಿಂದ ಕ್ಯಾಮರಾ ಕಾಣುವುದು ಈ ಬಿಳಿಗೆರೆಯನ್ನು. ಮಾಡ ಯಾವ ಕಡೆ ಇದೆ, ಗೋಡೆಯ ತಲೆ ಯಾವ ಕಡೆಗೆ ವಾಲಿದೆ ಎಂಬುದು ಆಕಾಶದಿಂದ ಕಾಣದು. ಎರಡು ಸೂರುಗಳು ಮೇಲೆ ಕೂಡಿಕೊಂಡ ಸಂದಿಯಂತೂ ನಕ್ಷೆಯಲ್ಲಿ ಇಲ್ಲವೇ ಇಲ್ಲವಾಗಬಹುದು. ಹಾಗಾಗಿ ಆ ಸುಣ್ಣದ ಗೆರೆ ಎಳೆಯುವ ಗಳಿಗೆಯಲ್ಲಿ ಮನೆಯವರು ಸ್ಥಳದಲ್ಲಿರಬೇಕು. ನಮ್ಮ ಭಾಗದ ಎಷ್ಟೋ ಕುಟುಂಬಗಳು ದುಡಿಮೆಗಾಗಿ ತಿಂಗಳುಗಟ್ಟಲೆ ಹೊರಗಿರುತ್ತವೆ, ಮನೆಯಲ್ಲಿ ಅಜ್ಜಿ ಮತ್ತು ಶಾಲೆಗೆ ಹೋಗುವ ಮಕ್ಕಳು ಮಾತ್ರ. ಪಂಚಾಯತಿಯ ಗೋಡೆಗೆ ಅಂಟಿಸಿದ ನೋಟೀಸು ಮರಾಠಿಯಲ್ಲಿರುತ್ತದೆ.

ಅಲ್ಲಿ ಕನ್ನಡ ಶಾಲೆಯ ಮಗುವಿನ ಕೆಲಸವಿದೆ. ಆ ಮಗು ಮರಾಠಿಯನ್ನೂ ಶಾಲೆಯಲ್ಲಿ ಕಲಿಯುತ್ತದೆ. ಅಜ್ಜಿಗೆ ನೋಟೀಸನ್ನು ಓದಿ ಕನ್ನಡದಲ್ಲಿ ಹೇಳಬಲ್ಲ ಒಬ್ಬನೇ ವ್ಯಕ್ತಿ ಆ ಮನೆಯಲ್ಲಿ ಅವನಾಗಿರಬಹುದು, ಅವಳಾಗಿರಬಹುದು. ಗುರುಗಳು ಒಂದು ದಿನದ ಪರಿಸರ ಪಾಠವನ್ನು ಇದಕ್ಕೇ ಮೀಸಲಿಟ್ಟರೆ ತಪ್ಪೇನಿಲ್ಲ: ನಿಮ್ಮ ಮನೆಯ ಚಕ್ಕುಬಂದಿಯನ್ನು ಬರೆದು ತನ್ನಿ, ಮೂಡಲಿಗೆ ಯಾರು, ಪಡುವಲಿಗೆ ಯಾವ ಓಣಿ, ಗೋಡೆ ಯಾರದೆಂದು ಅಜ್ಜ ಹೇಳುತ್ತಾರೆ, ಪಕ್ಕದ ಮನೆಯ ಅಜ್ಜ ಏನು ಹೇಳುತ್ತಾರೆ. ಎರಡು ಅಜ್ಜಂದಿರ ಮಾತು ಹೊಂದದಿದ್ದಲ್ಲಿ ಗುರುಗಳು ನಡುವೆ ಬೀಳದಿರುವುದು ಕ್ಷೇಮ.

ಊರಿನ ಓಣಿಯನ್ನೇ ಯಾರಾದರೂ ಒತ್ತಿಕೊಂಡಿದ್ದರೆ ವಿಚಾರ ಬೇರೆ. ಹಳ್ಳಿಯೊಂದರಲ್ಲಿ ಕನ್ನಡ ಶಾಲೆಗೆ ಹೋಗುವ ಸಂದಿಯ ಪಕ್ಕದ ಹಳೆಯ ಗೋಡೆ ಮಳೆಗೆ ಬಿತ್ತು. ಹೊಸ ಗೋಡೆ ಎರಡೂವರೆ ಅಡಿ ಮುಂದೆ ಎದ್ದಿತು. ಮಕ್ಕಳು ಒಬ್ಬರ ಹಿಂದೊಬ್ಬರಾಗಿ ನಡೆಯಬಹುದು, ಆದರೆ ಬಿಸಿಯೂಟದ ಅಕ್ಕಿಮೂಟೆ ಹೊತ್ತ ಕೈಗಾಡಿ ಹೋಗದು. ಸಾರ್ವಜನಿಕ ರಸ್ತೆಯ ಮೇಲಿನ ಒತ್ತುವರಿಯನ್ನು ತೆರವು ಮಾಡಿಸುವ ಅಧಿಕಾರ 1958ರ ಗ್ರಾಮಪಂಚಾಯತಿ ಕಾಯ್ದೆಯ 53ನೆಯ ಕಲಮಿನಲ್ಲಿ ಪಂಚಾಯತಿಗಿದೆ. ಪಂಚಾಯತಿ ಕೈಕಟ್ಟಿ ಕೂತರೆ ಜಿಲ್ಲಾಧಿಕಾರಿಗಳವರೆಗೆ ಹೋಗಬಹುದು. ಪಾಲಕರು ಅರ್ಜಿ ಬರೆದರು. ನಿರ್ಣಾಯಕವಾದದ್ದು ಹಳೆಯ ಗೋಡೆಯ ಅಡಿಗಲ್ಲು. ಕಟ್ಟುವವರು ಮೇಲಿನ ಕಲ್ಲುಗಳನ್ನೆಲ್ಲ ಎತ್ತಿ ಬಳಸಿಕೊಂಡಿದ್ದರು, ನೆಲದೊಳಗಿನ ಸಾಲನ್ನು ಅಗೆಯುವ ತೊಂದರೆ ತೆಗೆದುಕೊಂಡಿರಲಿಲ್ಲ. ಪಂಚರ ಎದುರು ಒಂದು ಗುದ್ದಲಿ ಆಳ ತೋಡಿದಾಗ ಹಳೆಯ ಸಾಲು ನೆಟ್ಟಗೆ ಕಂಡಿತು. ಮನೆಯವರೂ ಕೆಟ್ಟವರಲ್ಲ, ಅವರದೇ ಮಗಳು ಆ ಶಾಲೆಯ ಎರಡನೆಯ ತರಗತಿಯಲ್ಲಿದ್ದಳು. ಗೋಡೆ ಹಿಂದೆ ಸರಿಯಿತು, ಅದರ ಖರ್ಚಿಗೆ ನಾಲ್ಕಾರು ಪಾಲಕರು ತಮ್ಮ ಕೈಯಿಂದಲೂ ಕೊಟ್ಟರು.

ಅರ್ಜಿಯ ಭಾಷೆಯ ಬಗೆಗೆ ಅನೇಕರು ಕೇಳುತ್ತಾರೆ. ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಅಹವಾಲನ್ನು ಒಕ್ಕೂಟದ ಅಥವಾ ರಾಜ್ಯದ ಅಧಿಕಾರಿಗೆ, ಒಕ್ಕೂಟದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸಲ್ಲಿಸಬಹುದು. ಅದರ ಬೆನ್ನಿಗೇ ಇರುವ, 1956ರಲ್ಲಿ ಸೇರಿದ 350ಎ ವಿಧಿ ನಮ್ಮ ಕನ್ನಡ ಪ್ರಾಥಮಿಕ ಶಾಲೆಗಳಿಗೆ ಆಧಾರವಾಗಿರುವುದರಿಂದ ಅದು ಎಲ್ಲರಿಗೂ ಗೊತ್ತು. 350 ಮಾತ್ರ ಮರೆತುಹೋಗಿದೆ. ಕನ್ನಡದಲ್ಲಿ ಬರೆದ ತಕರಾರು ಅರ್ಜಿ ಅರ್ಜಿಯೇ. ಕೆಲಸ ಬೇಗ ಸಾಗಬೇಕೆಂದರೆ ಒಂದು ಮರಾಠಿ ಪ್ರತಿಯನ್ನೂ ಲಗತ್ತಿಸುವುದು ಜಾಣತನ, ಅದು ಕಡ್ಡಾಯವೆಂಬ ಕಾರಣಕ್ಕಲ್ಲ, ಓದುವ ಗುಮಾಸ್ತರಿಗೆ ಅನುಕೂಲವಾಗಲೆಂದು. ಕಚೇರಿಯ ಮುದ್ರೆ ಒತ್ತಿದ ನಕಲನ್ನು ಕೇಳಿ ಪಡೆಯಿರಿ.

ಮಾಲಮತ್ತಾ ಪತ್ರಕವೋ ಸನದೋ ಕೈಗೆ ಬಂದ ಮೇಲೆ ಅದೇ ಅಂತಿಮವೆಂದು ತಿಳಿಯುವವರೂ ಇದ್ದಾರೆ. ಕಂದಾಯ ದಾಖಲೆಯ ನೋಂದಣಿಯಿಂದಷ್ಟೇ ಮಾಲಕಿ ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹಲವು ಬಾರಿ ಹೇಳಿದೆ. ಆದರೂ ತಪ್ಪು ಗೆರೆಯನ್ನು ತಕರಾರಿನ ಅವಧಿಯಲ್ಲಿ ತಿದ್ದಿಸಿಕೊಳ್ಳಲು ಒಂದು ಅರ್ಜಿ ಸಾಕು. ಆಮೇಲೆ ತಿದ್ದಿಸಲು ವರ್ಷಗಳು ಬೇಕು. ನೋಟೀಸು ಬಂದ ದಿನವೇ ಮೂರನ್ನು ಹುಡುಕಿ ಇಟ್ಟುಕೊಳ್ಳಿ: ಹಳೆಯ ಖರೀದಿ ಅಥವಾ ವಾಟಣಿಪತ್ರ, ಮನೆತೆರಿಗೆಯ ಹಳೆಯ ಪಾವತಿಗಳು, ಗೋಡೆಯ ಎರಡೂ ಮುಖದ ಚಿತ್ರಗಳು. ಪತ್ರ ಮೋಡಿ ಲಿಪಿಯಲ್ಲಿದ್ದರೆ ಗಾಬರಿಯಾಗಬೇಡಿ, ಹರಿದೆಸೆಯಲೂ ಬೇಡಿ; ಮೋಡಿ ಬಲ್ಲವರು ಸಾಂಗಲಿಯಲ್ಲಿಯೂ ಮಿರಜದಲ್ಲಿಯೂ ಇನ್ನೂ ಇದ್ದಾರೆ.

ನಡುಗೋಡೆಯಷ್ಟೇ ಜಗಳ ತರುವ ಇನ್ನೊಂದು ವಸ್ತು ಕೂಡುಬಾವಿ. ಅದರ ಪಾಳಿಯ ಲೆಕ್ಕ, ಬಾವಿಗೆ ಹೋಗುವ ದಾರಿ, ಮೋಟಾರಿನ ಕರೆಂಟಿನ ಬಿಲ್ಲು ಇವುಗಳ ಕುರಿತು ಮುಂದಿನ ವಾರ.